ಹಂಗಾಮಿ ಕುರ್ಚಿಯಲ್ಲೂ ಕಪ್ ಗೆಲ್ಲಬಹುದು!

‘ಪ್ರಭಾರ’ ಎಂಬ ಪದ ನಮಗೆಲ್ಲ ಪರಿಚಿತ. ಪ್ರಭಾರ ಪ್ರಾಂಶುಪಾಲರು, ಪ್ರಭಾರ ತಹಶೀಲ್ದಾರ್, ಪ್ರಭಾರ ಕುಲಪತಿ. ಸಹಿ ಹಾಕುವ ಪೆನ್ನು ಅವರ ಕೈಯಲ್ಲಿ ಇರುತ್ತದೆ, ಕುರ್ಚಿ ಮಾತ್ರ ಅವರದ್ದಲ್ಲ. ಫುಟ್‌ಬಾಲ್ ಕ್ಲಬ್‌ಗಳಲ್ಲೂ ಇಂಥದ್ದೊಂದು ಕುರ್ಚಿ ಇದೆ. ಅದರಲ್ಲಿ ಕೂರುವವರು ಹಂಗಾಮಿ ಮ್ಯಾನೇಜರ್, ಅಂದರೆ ಹಂಗಾಮಿ ಕೋಚ್.

ತಂಡ ಸಾಲುಸಾಲಾಗಿ ಸೋಲುತ್ತದೆ. ಅಭಿಮಾನಿಗಳು ಕೂಗಾಡುತ್ತಾರೆ. ಮಾಲೀಕರು ಕೋಚ್‌ನನ್ನು ಮನೆಗೆ ಕಳಿಸುತ್ತಾರೆ. ದೊಡ್ಡ ಹೆಸರಿನ ಹೊಸ ಕೋಚ್ ಜತೆ ಮಾತುಕತೆ ಮುಗಿಯಲು ವಾರಗಳೇ ಬೇಕು, ಆದರೆ ಮುಂದಿನ ಮ್ಯಾಚ್ ಮೂರೇ ದಿನದಲ್ಲಿ. ಆಗ ಎಲ್ಲರ ಕಣ್ಣು ಹೋಗುವುದು ಪಕ್ಕದಲ್ಲೇ ಕೂತಿದ್ದ ಅಸಿಸ್ಟೆಂಟ್ ಕೋಚ್ ಮೇಲೆ, ಇಲ್ಲವೇ ಕ್ಲಬ್‌ನ ಹಳೆಯ ಆಟಗಾರನ ಮೇಲೆ. ‘ಸೀಸನ್ ಮುಗಿಯೋವರೆಗೆ ನೀವೇ ನೋಡ್ಕೊಳ್ಳಿ’ ಅಂತಾರೆ.

2012ರ ಮಾರ್ಚ್‌ನಲ್ಲಿ ಲಂಡನ್ನಿನ ಚೆಲ್ಸಿ ಕ್ಲಬ್‌ನಲ್ಲಿ ಹೀಗೇ ಆಯಿತು. ಆಂಡ್ರೆ ವಿಲಾಸ್ ಬೋವಾಸ್ ಅವರನ್ನು ವಜಾ ಮಾಡಿದಾಗ, ಅವರ ಸಹಾಯಕರಾಗಿದ್ದ ರಾಬರ್ಟೊ ಡಿ ಮ್ಯಾಟಿಯೊ ಹೆಗಲಿಗೆ ಹೊಣೆ ಬಿತ್ತು. ಚಾಂಪಿಯನ್ಸ್ ಲೀಗ್‌ನ ಹದಿನಾರರ ಘಟ್ಟದ ಮೊದಲ ಪಂದ್ಯದಲ್ಲಿ ತಂಡ ನಾಪೊಲಿ ಎದುರು 3–1ರಿಂದ ಆಗಲೇ ಸೋತಿತ್ತು. ಆ ಪಂದ್ಯದಲ್ಲಿ ಫ್ರಾಂಕ್ ಲ್ಯಾಂಪಾರ್ಡ್, ಆಶ್ಲಿ ಕೋಲ್ ಅವರಂಥ ಅನುಭವಿಗಳನ್ನು ಬೆಂಚ್‌ನಲ್ಲಿ ಕೂರಿಸಲಾಗಿತ್ತು. ಡಿ ಮ್ಯಾಟಿಯೊ ಹೊಸ ತಂತ್ರವನ್ನೇನೂ ಕಂಡುಹಿಡಿಯಲಿಲ್ಲ. ಮುನಿಸಿಕೊಂಡಿದ್ದ ಹಿರಿಯರನ್ನು ಮತ್ತೆ ಮೈದಾನಕ್ಕೆ ಕರೆತಂದರು. ಮರುಪಂದ್ಯದಲ್ಲಿ ಚೆಲ್ಸಿ 4–1ರಿಂದ ಗೆದ್ದಿತು. ಗೋಲು ಹೊಡೆದವರಲ್ಲಿ ಲ್ಯಾಂಪಾರ್ಡ್ ಕೂಡ ಇದ್ದರು. ಆಮೇಲೆ ಬೆನ್ಫಿಕಾ, ಬಾರ್ಸಿಲೋನಾ. ಕೊನೆಗೆ ಮೇ 19ರಂದು ಬಯರ್ನ್ ಮ್ಯೂನಿಕ್ ತಂಡವನ್ನು ಅದರದೇ ಮೈದಾನದಲ್ಲಿ ಪೆನಾಲ್ಟಿ ಶೂಟೌಟ್‌ನಲ್ಲಿ ಮಣಿಸಿ, ಚೆಲ್ಸಿ ಮೊದಲ ಬಾರಿಗೆ ಚಾಂಪಿಯನ್ಸ್ ಲೀಗ್ ಗೆದ್ದಿತು. ಎಫ್‌ಎ ಕಪ್ ಅದಕ್ಕೂ ಮೊದಲೇ ಕೈಸೇರಿತ್ತು. ಆಗ ನಾನಿನ್ನೂ ಪ್ರೈಮರಿ ಶಾಲೆಯಲ್ಲಿದ್ದೆ. ಆ ಶೂಟೌಟನ್ನು ಯೂಟ್ಯೂಬ್‌ನಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಸಿನಿಮಾ ಆಗಿದ್ದರೆ ಇಲ್ಲಿಗೆ ‘ಶುಭಂ’ ಬೀಳುತ್ತಿತ್ತು. ಜೂನ್‌ನಲ್ಲಿ ಡಿ ಮ್ಯಾಟಿಯೊ ಅವರಿಗೆ ಎರಡು ವರ್ಷದ ಕರಾರು ಸಿಕ್ಕಿತು. ನವೆಂಬರ್‌ನಲ್ಲಿ ಅವರೂ ವಜಾ ಆದರು. ಅವರ ಜಾಗಕ್ಕೆ ಬಂದ ರಾಫಾ ಬೆನಿಟೆಜ್ ಕೂಡ ಹಂಗಾಮಿಯೇ!

ಮ್ಯಾಂಚೆಸ್ಟರ್ ಯುನೈಟೆಡ್‌ನದೂ ಹೆಚ್ಚುಕಡಿಮೆ ಇದೇ ಕಥೆ. 2018ರ ಡಿಸೆಂಬರ್‌ನಲ್ಲಿ ಜೋಸ್ ಮೊರಿನ್ಯೊ ಹೋದರು, ಹಳೆಯ ಸ್ಟಾರ್ ಊಲೆ ಗುನ್ನಾರ್ ಸೋಲ್ಶೇರ್ ಹಂಗಾಮಿಯಾಗಿ ಬಂದರು. ಮೊದಲ ಎಂಟಕ್ಕೆ ಎಂಟೂ ಪಂದ್ಯ ಗೆದ್ದರು. ಮಾರ್ಚ್‌ನಲ್ಲಿ ಮೂರು ವರ್ಷದ ಕರಾರಿನೊಂದಿಗೆ ಕೆಲಸ ಕಾಯಂ ಆಯಿತು. 2021ರ ನವೆಂಬರ್‌ನಲ್ಲಿ ವ್ಯಾಟ್‌ಫರ್ಡ್ ಎದುರು 4–1ರ ಸೋಲಿನ ಬಳಿಕ ಹೊರನಡೆದಾಗ ಅವರ ಖಾತೆಯಲ್ಲಿ ಒಂದು ಟ್ರೋಫಿಯೂ ಇರಲಿಲ್ಲ.

ಹಾಗಾದರೆ ಆ ಎಂಟು ಗೆಲುವುಗಳು ಸುಳ್ಳೇ? ಪ್ರಾಬಬಿಲಿಟಿ ಓದಿದವರಿಗೆ ಉತ್ತರ ಅರ್ಧ ಗೊತ್ತಿರುತ್ತದೆ. ಪ್ರತಿ ಸೆಮಿಸ್ಟರ್‌ನಲ್ಲೂ ಏಳೂವರೆ ಆಸುಪಾಸಿನ ಜಿಪಿಎ ತೆಗೆಯುವ ಹುಡುಗಿಗೆ ಒಮ್ಮೆ ಆರು ಬಂತು ಎಂದುಕೊಳ್ಳಿ. ಮುಂದಿನ ಸಲ ಅದು ಏರುವ ಸಾಧ್ಯತೆಯೇ ಹೆಚ್ಚು. ನಡುವೆ ಹೊಸ ಟ್ಯೂಷನ್‌ಗೆ ಸೇರಿದ್ದರೆ ಹೊಗಳಿಕೆಯೆಲ್ಲ ಟ್ಯೂಷನ್ ಮೇಷ್ಟ್ರಿಗೆ! ಕ್ಲಬ್‌ಗಳು ಕೋಚ್‌ನನ್ನು ತೆಗೆಯುವುದು ಇಂಥ ತಳ ಮುಟ್ಟಿದ ಹೊತ್ತಿನಲ್ಲೇ. ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೀಲ್ 1986ರಿಂದ 2004ರವರೆಗಿನ ಡಚ್ ಫುಟ್‌ಬಾಲನ್ನು ಅಧ್ಯಯನ ಮಾಡಿದ್ದರು. ಕೋಚ್‌ನನ್ನು ಬದಲಿಸಿದ ತಂಡಗಳು ಚೇತರಿಸಿಕೊಂಡಿದ್ದು ನಿಜ. ಆದರೆ ಅಷ್ಟೇ ಕೆಟ್ಟದಾಗಿ ಆಡುತ್ತಿದ್ದರೂ ಕೋಚ್‌ನನ್ನು ಉಳಿಸಿಕೊಂಡ ತಂಡಗಳೂ ಹೆಚ್ಚುಕಡಿಮೆ ಹಾಗೇ ಚೇತರಿಸಿಕೊಂಡಿದ್ದವು.

ಹಾಗೆಂದು ಎಲ್ಲವೂ ಅದೃಷ್ಟವಲ್ಲ. ಹಂಗಾಮಿಯವರ ಕೆಲಸ ಚಿಕ್ಕದು, ಗುರಿ ಸ್ಪಷ್ಟ: ಮುಂದಿನ ಪಂದ್ಯ. ಮೂರು ವರ್ಷದ ಯೋಜನೆ, ಆಟಗಾರರ ಖರೀದಿಯ ತಲೆನೋವು ಅವರಿಗಿಲ್ಲ. ಕಾಯಂ ಆದ ದಿನ ಆ ಎಲ್ಲ ತಲೆನೋವು ಒಟ್ಟಿಗೇ ಬರುತ್ತದೆ. ಎರಡಕ್ಕೂ ‘ಕೋಚ್’ ಎಂಬ ಒಂದೇ ಹೆಸರಿದ್ದರೂ ಅವು ಬೇರೆಬೇರೆ ಕೆಲಸಗಳು. ಎರಡನ್ನೂ ನಿಭಾಯಿಸಿದವರೂ ಇದ್ದಾರೆ. 2019ರ ನವೆಂಬರ್‌ನಲ್ಲಿ ಬಯರ್ನ್‌ಗೆ ಹಂಗಾಮಿಯಾಗಿ ಬಂದ ಹಾನ್ಸಿ ಫ್ಲಿಕ್ ಆ ಸೀಸನ್‌ನಲ್ಲೇ ಕಾಯಂ ಆಗಿ, ಲೀಗ್, ಜರ್ಮನ್ ಕಪ್, ಚಾಂಪಿಯನ್ಸ್ ಲೀಗ್ ಮೂರನ್ನೂ ಗೆದ್ದರು.

ನನಗೆ ಹೆಚ್ಚು ಕಾಡಿದ್ದು ನಮ್ಮ ಐಎಸ್‌ಎಲ್‌ನ ಕಥೆ. 2021ರ ಜನವರಿಯಲ್ಲಿ ಎರಡು ಕ್ಲಬ್‌ಗಳು ಸ್ಪೇನ್‌ನ ಕೋಚ್‌ಗಳನ್ನು ಬೀಳ್ಕೊಟ್ಟು ಭಾರತೀಯರನ್ನು ಹಂಗಾಮಿಯಾಗಿ ಕೂರಿಸಿದವು. ನಮ್ಮ ಬೆಂಗಳೂರು ಎಫ್‌ಸಿಯಲ್ಲಿ ಕಾರ್ಲೆಸ್ ಕುವಾದ್ರತ್ ಜಾಗಕ್ಕೆ ನೌಶಾದ್ ಮೂಸಾ. ನಾರ್ತ್‌ಈಸ್ಟ್ ಯುನೈಟೆಡ್‌ನಲ್ಲಿ ಜೆರಾರ್ಡ್ ನುಸ್ ಜಾಗಕ್ಕೆ ಖಾಲಿದ್ ಜಮೀಲ್. ಬೆಂಗಳೂರು ಏಳನೇ ಸ್ಥಾನಕ್ಕೆ ಕುಸಿಯಿತು, ಸೀಸನ್ ಮುಗಿಯುವ ಮೊದಲೇ ಜರ್ಮನಿಯ ಕೋಚ್‌ನ ಹೆಸರು ಘೋಷಣೆಯಾಯಿತು. ನಾರ್ತ್‌ಈಸ್ಟ್ ಮಾತ್ರ ಲೀಗ್ ಹಂತದಲ್ಲಿ ಉಳಿದ ಒಂದು ಪಂದ್ಯವನ್ನೂ ಸೋಲದೆ ಸೆಮಿಫೈನಲ್ ತಲುಪಿತು.

ಖಾಲಿದ್ ಹೊಸಬರೇನಲ್ಲ. ಪುಟ್ಟ ಮಿಜೋರಾಂನ ಐಜಾಲ್ ಎಫ್‌ಸಿಗೆ 2016–17ರ ಐ–ಲೀಗ್ ಪ್ರಶಸ್ತಿ ಗೆದ್ದುಕೊಟ್ಟವರು. ಅಂಥವರಿಗೂ ಐಎಸ್‌ಎಲ್ ಬಾಗಿಲು ತೆರೆಯಲು ‘ಹಂಗಾಮಿ’ ಎಂಬ ಕೀಲಿಯೇ ಬೇಕಾಯಿತು. 2014ರಲ್ಲಿ ಶುರುವಾದ ಲೀಗ್‌ಗೆ ಮೊದಲ ಭಾರತೀಯ ಕಾಯಂ ಕೋಚ್ ಸಿಕ್ಕಿದ್ದು 2021ರ ಅಕ್ಟೋಬರ್‌ನಲ್ಲಿ. ಅದು ಇದೇ ಖಾಲಿದ್. ಮರುಸೀಸನ್‌ನಲ್ಲಿ ತಂಡ ಹತ್ತನೇ ಸ್ಥಾನಕ್ಕಿಳಿಯಿತು, ಅವರು ಹೊರಬಿದ್ದರು. ಆದರೆ ತೆರೆದ ಬಾಗಿಲು ಮುಚ್ಚಲಿಲ್ಲ. ಜಮ್‌ಶೆಡ್‌ಪುರ ಕರೆಯಿತು. 2025ರ ಆಗಸ್ಟ್‌ನಲ್ಲಿ ಅವರು ಭಾರತ ತಂಡದ ಮುಖ್ಯ ಕೋಚ್ ಆದರು. ಕಾಯಂ ಆಗದೇ ಉಳಿದ ಮೂಸಾ ಅವರಿಗೂ ಅದೇ ವರ್ಷ ಭಾರತದ 23 ವರ್ಷದೊಳಗಿನವರ ತಂಡದ ಹೊಣೆ ಸಿಕ್ಕಿತು.

ಇಂಟರ್ನ್‌ಶಿಪ್, ಪ್ರೊಬೇಷನ್, ಗುತ್ತಿಗೆ ಕೆಲಸ, ಅತಿಥಿ ಉಪನ್ಯಾಸಕ ಹುದ್ದೆ... ನಮ್ಮಲ್ಲಿ ಬಹುಪಾಲು ಮಂದಿ ವೃತ್ತಿ ಶುರು ಮಾಡುವುದು ಇಂಥ ಕುರ್ಚಿಗಳಲ್ಲೇ. ಆರು ತಿಂಗಳ ಕೆಲಸ ನೋಡಿ ಇಡೀ ಮನುಷ್ಯನನ್ನು ಅಳೆಯುವುದು ಸರಿಯಲ್ಲ. ಗೆದ್ದವರ ವಿಷಯದಲ್ಲೂ ಸರಿಯಲ್ಲ, ಸೋತವರ ವಿಷಯದಲ್ಲೂ ಅಲ್ಲ. ಕೆಲಸ ಕೊಡುವವರು ಇದನ್ನು ಅರಿತರೆ ಚೆನ್ನ. ಆದರೆ ಒಳಗೆ ಬರಲು ಬೇರೆ ದಾರಿಯೇ ಇಲ್ಲದವರಿಗೆ ಆ ಆರು ತಿಂಗಳೇ ಎಲ್ಲ. ಹಾಗಾಗಿ ಅಂಥ ಕುರ್ಚಿ ಸಿಕ್ಕರೆ, ‘ಹೇಗೂ ಟೆಂಪರರಿ’ ಅಂತ ಕೈಕಟ್ಟಿ ಕೂರುವುದು ಬೇಡ. ಬೆಂಚ್‌ನಲ್ಲಿ ಕೂತ ಲ್ಯಾಂಪಾರ್ಡ್ ಯಾರೆಂದು ಮೊದಲು ನೋಡೋಣ. ಕಾಯಂ ಆಗುತ್ತೋ ಇಲ್ಲವೋ, ಮುಂದಿನ ಪಂದ್ಯ ಮೂರೇ ದಿನದಲ್ಲಿದೆ.