ಚಿಗರಿಗೊಂದು ಬಾಣ, ಹಂದಿಗೊಂದು ಬಾಣ

ಹಾನಗಲ್ಲಿಗೆ ಹಳೆಯ ಶಾಸನಗಳಲ್ಲಿ ಪಾನುಂಗಲ್ಲು ಎಂಬುದರ ಜೊತೆಗೆ ವಿರಾಟನಗರಿ, ವಿರಾಟಕೋಟೆ ಎಂಬ ಹೆಸರುಗಳೂ ಇವೆ. ಪಾಂಡವರು ಅಜ್ಞಾತವಾಸ ಕಳೆದದ್ದು ತಮ್ಮೂರಲ್ಲೇ ಎಂದು ಊರವರು ಕುಂತಿಯ ದಿಬ್ಬವನ್ನು ತೋರಿಸುತ್ತಾರೆ. ಬನ್ನಿಮರದಲ್ಲಿ ಬಚ್ಚಿಟ್ಟ ಗಾಂಡೀವದ ಕಥೆ ದಸರೆ ಬಂದಾಗಲೆಲ್ಲ ಹೊಸದಾಗುತ್ತದೆ. ಬಿಲ್ಲಿನ ಬಿಗಿ, ಹೆದೆಯ ಝೇಂಕಾರ, ಬಿಲ್ಲಾಳಿನ ತೋಳಬಲ ಎಲ್ಲಕ್ಕೂ ಆ ಕಥೆಯಲ್ಲಿ ಜಾಗವಿದೆ. ಬಾಣದ ತೂಕ ಎಷ್ಟಿತ್ತು ಎಂಬ ವಿಚಾರ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಬೇಟೆಗಾರನಿಗೆ ಮೊದಲು ಗೊತ್ತಿರಬೇಕಾದದ್ದು ಅದೇ.

ಈ ಸೀಮೆಯ ನೆಲವೇ ಆ ಲೆಕ್ಕಕ್ಕೆ ಒಳ್ಳೆಯ ಪಾಠಶಾಲೆ. ಸವಣೂರಿನಿಂದ ಪೂರ್ವಕ್ಕೆ ಕಣ್ಣು ಹಾಯುವಷ್ಟು ದೂರ ಎರಿಹೊಲ. ಅಲ್ಲಿ ಚಿಗರಿ, ಅಂದರೆ ಕೃಷ್ಣಮೃಗ, ದೂರದಿಂದಲೇ ಮನುಷ್ಯನನ್ನು ಗುರುತಿಸುತ್ತದೆ, ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಹಾನಗಲ್ಲು, ಹಿರೇಕೆರೂರುಗಳ ಪಡುವಣ ಅಂಚಿನಲ್ಲಿ ಅರೆಮಲೆನಾಡು ಶುರು. ಪೊದೆಯ ಮರೆಯಿಂದ ಹಂದಿ ಎದುರಾದರೆ ಹತ್ತು ಹದಿನೈದು ಹೆಜ್ಜೆಯ ಅಂತರವೂ ಇರುವುದಿಲ್ಲ. ಒಂದೇ ಬಿಲ್ಲು ಹಿಡಿದವನಿಗೂ ಈ ಎರಡು ಕಡೆಗೆ ಒಂದೇ ಬಾಣ ಸಾಲದು.

ಇದು ಇಂದು ಕಾಗದದ ಮೇಲಿನ ಬೇಟೆ ಮಾತ್ರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಚಿಗರಿಯ ಹೆಸರಿದೆ. 1974ರಿಂದ ರಾಣೆಬೆನ್ನೂರಿನ 119 ಚದರ ಕಿಲೋಮೀಟರ್ ನೆಲ ಅದರ ಹೆಸರಿನ ವನ್ಯಧಾಮ. ಬಿಲ್ಲು ಈಗ ಆಟದ ಮೈದಾನಕ್ಕೆ ಸೇರಿದ ಸಾಮಾನು. ಆದರೆ ಗುರಿಹಲಗೆಗೆ ಹೊಡೆಯುವವನೂ ಬೇಟೆಗಾರನ ಲೆಕ್ಕವನ್ನೇ ಹಾಕಬೇಕು.

50 ಪೌಂಡಿನ ಬಿಲ್ಲು ಎಂದರೆ ಹೆದೆಯನ್ನು ಪೂರ್ತಿ ಎಳೆದಾಗ ಬೆರಳುಗಳ ಮೇಲೆ ಸುಮಾರು 23 ಕಿಲೋ ಭಾರ. ಅರ್ಧ ಮೀಟರ್ ಎಳೆತದಲ್ಲಿ ಅಂಥ ಬಿಲ್ಲು ಕೂಡಿಟ್ಟುಕೊಳ್ಳುವುದು ಸುಮಾರು 56 ಜೂಲ್ ಶಕ್ತಿ. ಬಾಣ ಯಾವುದೇ ಇರಲಿ, ಈ ಮೊತ್ತ ಬದಲಾಗುವುದಿಲ್ಲ. ಅದರಲ್ಲಿ ಬಾಣಕ್ಕೆ ಎಷ್ಟು ಸಿಗುತ್ತದೆ, ಬಿಲ್ಲಿನಲ್ಲೇ ಎಷ್ಟು ಉಳಿಯುತ್ತದೆ ಎಂಬುದನ್ನು ತೂಕ ತೀರ್ಮಾನಿಸುತ್ತದೆ. ಹೆದೆ ಬಿಟ್ಟಾಗ ಬಾಣವೊಂದೇ ಮುಂದೆ ಓಡುವುದಿಲ್ಲ. ಬಿಲ್ಲಿನ ತೋಳುಗಳೂ ಹೆದೆಯೂ ಜೊತೆಗೆ ಚಲಿಸಬೇಕು, ಅವಕ್ಕೂ ಪಾಲು ಬೇಕು. ಅಮೆರಿಕದ ಭೌತವಿಜ್ಞಾನಿ ಪಾಲ್ ಕ್ಲಾಪ್‌ಸ್ಟೆಗ್ ಇದಕ್ಕೊಂದು ಚೆಂದದ ಉಪಾಯ ಹುಡುಕಿದರು. ಬಿಲ್ಲು ತನಗಾಗಿ ಹಿಡಿದಿಟ್ಟುಕೊಳ್ಳುವ ಪಾಲನ್ನು ಬಾಣಕ್ಕೆ ಅಂಟಿಕೊಂಡ ಕಾಣದ ತೂಕವೆಂದು ಎಣಿಸುವುದು! ಒಂದು ಬಿಲ್ಲಿಗೆ ಈ ಕಾಣದ ತೂಕ ಹೆಚ್ಚುಕಡಿಮೆ ಸ್ಥಿರ.

ಅದು 8 ಗ್ರಾಂ ಎಂದಿಟ್ಟುಕೊಂಡು ಲೆಕ್ಕ ಹಾಕಿ ನೋಡಬಹುದು. 20 ಗ್ರಾಂ ಬಾಣ ಸೆಕೆಂಡಿಗೆ 63 ಮೀಟರ್ ವೇಗದಲ್ಲಿ ಹೊರಡುತ್ತದೆ, 40 ಜೂಲ್ ಹೊತ್ತೊಯ್ಯುತ್ತದೆ. 30 ಗ್ರಾಂ ಬಾಣದ ವೇಗ 54 ಮೀಟರ್, ಶಕ್ತಿ 44 ಜೂಲ್. 40 ಗ್ರಾಂ ಬಾಣದ್ದು 48 ಮೀಟರ್, ಸುಮಾರು 47 ಜೂಲ್. ತೂಕ ಇಮ್ಮಡಿಯಾದರೂ ವೇಗ ಕಾಲುಭಾಗವಷ್ಟೇ ತಗ್ಗಿತು. ಸಂವೇಗವೋ, ಅಂದರೆ ತೂಕ ಮತ್ತು ವೇಗದ ಗುಣಲಬ್ಧ, ಅರ್ಧಕ್ಕಿಂತ ಹೆಚ್ಚೇ ಏರಿತು. ಹಗುರ ಬಾಣ ಹೊರಟ ಮೇಲೆ ಬಿಲ್ಲಿನಲ್ಲಿ 16 ಜೂಲ್ ಉಳಿಯುತ್ತದೆ, ಭಾರದ ಬಾಣ ಹೊರಟ ಮೇಲೆ 9. ಹೀಗೆ ಉಳಿದದ್ದೇ ಸದ್ದು, ನಡುಕ, ಮುಂಗೈಗೆ ಬಡಿಯುವ ಏಟು. ಬಾಣವಿಲ್ಲದೆ ಹೆದೆ ಎಳೆದು ಬಿಟ್ಟರೆ 56 ಜೂಲೂ ಬಿಲ್ಲಿನ ಪಾಲೇ. ಎಷ್ಟೋ ಬಿಲ್ಲುಗಳು ಸೀಳಿಹೋಗುವುದು ಹಾಗೆ. ಮಕ್ಕಳ ಕೈಗೆ ಬಿಲ್ಲು ಕೊಡುವವರು ಮೊದಲು ಹೇಳಿಕೊಡಬೇಕಾದ ಮಾತಿದು.

ಹಾಗಾದರೆ ಭಾರವೇ ಮೇಲೇ? ಎರಿಹೊಲದಲ್ಲಿ ಅಲ್ಲ. 20 ಮೀಟರ್ ಹೋಗುವಷ್ಟರಲ್ಲಿ ಹಗುರ ಬಾಣ ಸುಮಾರು 49 ಸೆಂಟಿಮೀಟರ್ ಕೆಳಗಿಳಿಯುತ್ತದೆ, ಭಾರದ್ದು 84. ಇಳಿತ ಎಷ್ಟೆಂದು ಮೊದಲೇ ತಿಳಿದಿದ್ದರೆ ಅಷ್ಟು ಮೇಲಕ್ಕೆ ಗುರಿಯಿಟ್ಟರಾಯಿತು. ತೊಡಕಿರುವುದು ದೂರದ ಅಂದಾಜಿನಲ್ಲಿ. 23 ಮೀಟರಿನಲ್ಲಿ ನಿಂತ ಪ್ರಾಣಿಯನ್ನು 20 ಎಂದು ಬಗೆದು ಹೊಡೆದರೆ ಹಗುರ ಬಾಣ 8 ಸೆಂಟಿಮೀಟರ್ ತಗ್ಗಿ ಬಡಿಯುತ್ತದೆ. ಭಾರದ್ದು 14ರಿಂದ 15. ಚಿಗರಿಯಂಥ ಸಣ್ಣ ಮೈಯಲ್ಲಿ ಆ ವ್ಯತ್ಯಾಸವೆಂದರೆ ಎದೆ ತಪ್ಪಿ ಕಾಲಿಗೆ ಬಿದ್ದಂತೆ. ಮರ, ಬೇಲಿ ಏನೂ ಇಲ್ಲದ ಬಯಲಿನಲ್ಲಿ ದೂರ ಅಳೆಯುವುದು ಕಣ್ಣಿಗೆ ಕಷ್ಟವೇ.

ಹಗುರ ಬಾಣ ಸದ್ದಿಗಿಂತ ಮುಂಚೆ ಮುಟ್ಟುತ್ತದೆ ಎಂದು ನಂಬಿದವರಿದ್ದಾರೆ. ಅದು ಬರೀ ಆಸೆ. ಹೆದೆಯ ಸದ್ದು 20 ಮೀಟರನ್ನು ಸೆಕೆಂಡಿನ ನೂರರಲ್ಲಿ ಆರು ಭಾಗದಷ್ಟು ಹೊತ್ತಿನಲ್ಲಿ ದಾಟುತ್ತದೆ. ಬಾಣಕ್ಕೆ ಅದರ ಐದರಿಂದ ಏಳು ಪಟ್ಟು ಸಮಯ ಬೇಕು. ಸದ್ದಿಗೆ ಬೆಚ್ಚಿದ ಜಿಂಕೆ ನೆಗೆಯಲು ಮೊದಲು ಮೈ ಕುಗ್ಗಿಸುತ್ತದೆ, ಬಾಣ ಬೆನ್ನ ಮೇಲಿಂದ ಹಾರಿಹೋಗುತ್ತದೆ. ಸದ್ದನ್ನು ಓಟದಲ್ಲಿ ಸೋಲಿಸುವುದಕ್ಕಿಂತ ಅದನ್ನು ತಗ್ಗಿಸುವುದೇ ಜಾಣತನ. ಆ ಮಟ್ಟಿಗೆ ಭಾರದ ಬಾಣಕ್ಕೇ ಅಂಕ.

ಹಂದಿಯ ವಿಷಯ ಬೇರೆಯೇ. ಮಂಡ್ಯ ಸೀಮೆಯ ಆತಕೂರಿನ ವೀರಗಲ್ಲು, ಕ್ರಿ.ಶ. 949ರ ಹೊತ್ತಿನದು, ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯೊಡನೆ ಸೆಣಸಿ, ಎರಡೂ ಸತ್ತ ಸಂಗತಿಯನ್ನು ಹೇಳುತ್ತದೆ. ನಾಯಿಗೆ ಕಲ್ಲು ನೆಡಿಸುವಷ್ಟು ಗಟ್ಟಿ ಎದುರಾಳಿ ಅದು. ಬಲಿತ ಗಂಡುಹಂದಿಯ ಹೆಗಲ ಮೇಲೆ ಚರ್ಮದಡಿ ದಪ್ಪನೆಯ ಗಡುಸು ಪದರ ಬೆಳೆದಿರುತ್ತದೆ, ಅದರ ಹಿಂದೆ ಎಲುಬು. ಬಾಣ ಗುಂಡಿನಂತೆ ಆಘಾತದಿಂದ ಕೊಲ್ಲುವುದಿಲ್ಲ. ಅಲಗು ಒಳಗೆ ಕೊಯ್ಯುತ್ತ ಹೋಗಬೇಕು, ರಕ್ತ ಸೋರಬೇಕು. ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದರಲ್ಲಿ ಅಲಗಿನ ಹರಿತದ ಜೊತೆ ಸಂವೇಗದ ಪಾತ್ರ ದೊಡ್ಡದು. 1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ನಟಾಲ್‌ನಲ್ಲಿ ಪ್ರಯೋಗ ನಡೆಸಿದ ಎಡ್ ಆಶ್ಬಿ, ದಪ್ಪ ಎಲುಬು ಭೇದಿಸಲು ಬಾಣ 650 ಗ್ರೇನ್ ಆಸುಪಾಸು ಇರಬೇಕೆಂದರು. ಅಂದರೆ 42 ಗ್ರಾಂ. ಆ ಸಂಖ್ಯೆಯ ಬಗ್ಗೆ ಬಿಲ್ಲುಗಾರರಲ್ಲಿ ಇಂದಿಗೂ ಜಗಳವಿದೆ, ಆದರೆ ಭಾರದ ಬಾಣ ಆಳಕ್ಕಿಳಿಯುತ್ತದೆ ಎಂಬುದರ ಬಗ್ಗೆ ಹೆಚ್ಚು ತಕರಾರಿಲ್ಲ. 

ಕೆಲಸಕ್ಕೆ ತಕ್ಕ ಬಾಣ ಬೇಕೆಂಬುದು ಹಿಂದಿನವರಿಗೆ ಗೊತ್ತಿತ್ತು. ಅಲೆಕ್ಸಾಂಡರನ ನೌಕಾಧಿಪತಿ ನಿಯಾರ್ಕಸನ ಬರಹವನ್ನು ಆಧರಿಸಿ ಗ್ರೀಕ್ ಲೇಖಕ ಆರಿಯನ್ ಭಾರತದ ಬಿಲ್ಲಾಳುಗಳನ್ನು ವರ್ಣಿಸಿದ್ದಾನೆ: ಆಳೆತ್ತರದ ಬಿಲ್ಲು, ಅದನ್ನು ನೆಲಕ್ಕೂರಿ ಎಡಗಾಲಿನಿಂದ ಒತ್ತಿ ಎಳೆಯುವ ರೀತಿ, ಮೂರು ಮೊಳಕ್ಕೆ ತುಸುವೇ ಕಡಿಮೆಯಾದ ಬಾಣ, ಅದರ ಮುಂದೆ ಗುರಾಣಿಯೂ ಕವಚವೂ ನಿಲ್ಲುತ್ತಿರಲಿಲ್ಲವಂತೆ. ಉಸ್ಮಾನಿ ತುರ್ಕರು ದೂರ ಎಸೆಯುವ ಪಂದ್ಯಕ್ಕೆ ಗಿಡ್ಡ, ಹಗುರ ಬಾಣಗಳನ್ನೇ ಬೇರೆಯಾಗಿ ಮಾಡಿಸುತ್ತಿದ್ದರು. ಹಾನಗಲ್ಲು ಕಲ್ಯಾಣ ಚಾಲುಕ್ಯರ ಆಳ್ವಿಕೆಯಲ್ಲಿದ್ದ ಕಾಲದಲ್ಲೇ ಅವರ ದೊರೆ ಮೂರನೆಯ ಸೋಮೇಶ್ವರ ಮಾನಸೋಲ್ಲಾಸ ಎಂಬ ಗ್ರಂಥವನ್ನು ರಚಿಸಿದ. ರಾಜನ ವಿನೋದಗಳಲ್ಲಿ ಶಸ್ತ್ರ, ಬೇಟೆ ಎರಡಕ್ಕೂ ಅದರಲ್ಲಿ ಪ್ರತ್ಯೇಕ ಪ್ರಕರಣಗಳಿವೆ.

ಇಂದಿನ ಬಿಲ್ಲುಗಾರರ ಅಳತೆ ಗ್ರೇನ್, ಅಕ್ಕಸಾಲಿಗರ ಗುಲಗಂಜಿಯ ಹೆಚ್ಚುಕಡಿಮೆ ಅರ್ಧ. ಬಿಲ್ಲಿನ ಒಂದೊಂದು ಪೌಂಡಿಗೆ 5 ಗ್ರೇನ್‌ಗಿಂತ ಹಗುರ ಬಾಣ ಹೂಡಬಾರದೆಂಬುದು ರೂಢಿ. ಹಳೆಯ ಮಾದರಿಯ ಬಿಲ್ಲಿನಲ್ಲಿ ಬೇಟೆಗೆ 8ರಿಂದ 10. 50 ಪೌಂಡಿನ ಬಿಲ್ಲಿಗೆ ಅದು 26ರಿಂದ 32 ಗ್ರಾಂ ಆಗುತ್ತದೆ. 70 ಮೀಟರ್ ದೂರಕ್ಕೆ ಹೊಡೆಯುವ ಒಲಿಂಪಿಕ್ ಸ್ಪರ್ಧಿಗಳ ಬಾಣ ಸುಮಾರು 20 ಗ್ರಾಂ.

ತೂಕ ಹೆಚ್ಚಿಸುವುದೆಂದರೆ ಬರೀ ದೊಡ್ಡ ಅಲಗು ಸಿಕ್ಕಿಸುವುದಲ್ಲ. ಹೆದೆ ಹಿಂದಿನಿಂದ ನೂಕುವಾಗ ಕೋಲು ಬಾಗುತ್ತದೆ, ಬಿಲ್ಲಿನ ಹಿಡಿಯನ್ನು ಬಳಸಿಕೊಂಡು ಅತ್ತಿತ್ತ ತುಯ್ಯುತ್ತ ಹೋಗುತ್ತದೆ. 1930ರ ದಶಕದಲ್ಲಿ ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ ಇದನ್ನು ಅತಿವೇಗದ ಕ್ಯಾಮೆರಾದಲ್ಲಿ ಹಿಡಿದರು. ಮುಂದೆ ಭಾರ ಹೆಚ್ಚಿದಷ್ಟೂ ಅದೇ ಕೋಲು ಹೆಚ್ಚು ಬಳುಕುತ್ತದೆ. ಆಗ ಗಡುಸಾದ ಕೋಲು ಬೇಕು, ಇಲ್ಲವೇ ಇದ್ದದ್ದನ್ನು ಗಿಡ್ಡ ಮಾಡಬೇಕು. ಪರೀಕ್ಷೆ ಸುಲಭ. ಗರಿ ಕಟ್ಟಿದ ಕೆಲವು ಬಾಣಗಳ ಜೊತೆ ಗರಿಯಿಲ್ಲದ ಒಂದನ್ನು ಇಪ್ಪತ್ತು ಮೀಟರಿನಿಂದ ಹೊಡೆಯುವುದು. ಬೆರಳಿನಿಂದ ಹೆದೆ ಬಿಡುವ ಬಲಗೈಯವರ ಬೋಳು ಬಾಣ ಉಳಿದವುಗಳ ಬಲಕ್ಕೆ ನೆಟ್ಟರೆ ಕೋಲು ಮೆತ್ತಗಾಯಿತೆಂದರ್ಥ, ಎಡಕ್ಕೆ ನೆಟ್ಟರೆ ಗಡುಸು.