ಎಂಟು ಕಾಲು ಹೊಂದಿದರೆ ಸಾಲದು

ಮಲೆನಾಡಿನ ಒಂದು ಮಣ್ಣು ಪರೀಕ್ಷಾ ಕೇಂದ್ರದ ಪಿಎಚ್ ಮೀಟರ್ ಮಳೆಗಾಲದಲ್ಲಿ ನನ್ನ ಮೇಜಿಗೆ ಬಂತು. ಎಲೆಕ್ಟ್ರೋಡ್ ಹೊಸದು, ಬಫರ್ ದ್ರಾವಣವೂ ಹೊಸದು. ಆದರೆ ಗಾಜಿನ ತುದಿಯನ್ನು ಲೋಟಕ್ಕೆ ಇಳಿಸಿದ ಕೂಡಲೇ ಪರದೆಯ ಎಡತುದಿಯಲ್ಲಿ ಒಂದೇ ಒಂದು '1' ಉಳಿದು ಮಿಕ್ಕ ಅಂಕಿಗಳೆಲ್ಲ ಅಳಿಸಿಹೋಗುತ್ತಿದ್ದವು. ಅಳತೆ ಮಿತಿ ಮೀರಿದೆ ಎಂಬುದರ ಗುರುತು ಅದು. ಎಲೆಕ್ಟ್ರೋಡ್ ಕಳಚಿ ಇನ್‌ಪುಟ್ ಶಾರ್ಟ್ ಮಾಡಿದರೆ ಮಾತ್ರ ಅಚ್ಚುಕಟ್ಟಾಗಿ 7.00.

ಮುಚ್ಚಳ ತೆಗೆದಾಗ ಕಾರಣ ಕಂಡಿತು. ಸರ್ಕ್ಯೂಟ್ ಚಿತ್ರದಲ್ಲಿ ಸಿಎ3140 ಎಂದಿದ್ದ ಜಾಗದಲ್ಲಿ 741 ಕೂತಿತ್ತು. ಹಿಂದೆ ರಿಪೇರಿ ಮಾಡಿದವರನ್ನು ನಾನು ದೂರಲಾರೆ. ಎರಡೂ ಆಪ್-ಆಂಪ್‌ಗಳೇ, ಎರಡಕ್ಕೂ ಎಂಟೇ ಕಾಲು. ಇನ್‌ಪುಟ್ 2 ಮತ್ತು 3, ಔಟ್‌ಪುಟ್ 6, ಆಫ್‌ಸೆಟ್ ತಿದ್ದುವ ಪಿನ್ನುಗಳೂ ಅವೇ. 1968ರಲ್ಲಿ ಫೇರ್‌ಚೈಲ್ಡ್ ಕಂಪನಿಯಿಂದ ಬಂದ 741 ಅಷ್ಟು ಬಳಕೆಯಲ್ಲಿದ್ದುದರಿಂದ ಮುಂದಿನ ಎಷ್ಟೋ ಐಸಿಗಳು ಅದರ ಕಾಲುಗಳ ಕ್ರಮವನ್ನೇ ಅನುಸರಿಸಿದವು. ಮೋಸವಾಗುವುದು ಅಲ್ಲೇ.

ಪಿಎಚ್ ಎಲೆಕ್ಟ್ರೋಡಿನ ಗಾಜಿನ ಪೊರೆಯ ರೋಧ ಸುಮಾರು 100 ಮೆಗಾಓಮ್, ಅಂದರೆ ಹತ್ತು ಕೋಟಿ ಓಮ್. ಪಿಎಚ್ ಒಂದು ಅಂಕಿ ಬದಲಾದರೆ 25 ಡಿಗ್ರಿಯಲ್ಲಿ ಅದು ಕೊಡುವುದು ಬರೀ 59 ಮಿಲಿವೋಲ್ಟ್. ಪ್ರತಿ ಆಪ್-ಆಂಪ್‌ನ ಇನ್‌ಪುಟ್ ಪಿನ್ನೂ ಒಂದಿಷ್ಟು ಕರೆಂಟ್ ಬೇಡುತ್ತದೆ. ಅದೇ ಬಯಾಸ್ ಕರೆಂಟ್. 741ಕ್ಕೆ ಸಾಮಾನ್ಯವಾಗಿ 80 ನ್ಯಾನೊ ಆಂಪಿಯರ್ ಬೇಕು. ಹತ್ತು ಕೋಟಿ ಓಮ್‌ನಿಂದ ಗುಣಿಸಿ ನೋಡಿ: 8 ವೋಲ್ಟ್! 59 ಮಿಲಿವೋಲ್ಟನ್ನು ಅಲ್ಲಿ ಹುಡುಕುವುದೆಲ್ಲಿ? ಮಾಸ್‌ಫೆಟ್ ಇನ್‌ಪುಟ್‌ನ ಸಿಎ3140 ಬೇಡುವುದು ಸುಮಾರು 10 ಪಿಕೊ ಆಂಪಿಯರ್, ತಪ್ಪು 1 ಮಿಲಿವೋಲ್ಟ್ ಮಾತ್ರ. ಶಾರ್ಟ್ ಮಾಡಿದಾಗ ರೋಧವೇ ಇರುವುದಿಲ್ಲವಾದ್ದರಿಂದ 741 ಕೂಡ ಸಾಚಾ ಕಾಣಿಸಿಕೊಳ್ಳುತ್ತದೆ.

ದುಬಾರಿ ಐಸಿ ಹಾಕಿದರೆ ಸರಿಹೋದೀತು ಎನ್ನುವವರಿದ್ದಾರೆ. ಒಪಿ07 ನಿಜಕ್ಕೂ ಉತ್ತಮ ಭಾಗ. ಪೂರ್ತಿ ಭಾರಕ್ಕೆ 10 ಮಿಲಿವೋಲ್ಟ್ ಕೊಡುವ ತಕ್ಕಡಿಯ ಲೋಡ್‌ಸೆಲ್‌ಗೆ ನಾನು ಅದನ್ನೇ ಹಾಕುತ್ತೇನೆ, ಅದರ ಆಫ್‌ಸೆಟ್ ಅಷ್ಟು ಕಡಿಮೆ. ಆದರೆ ಅದರ ಸಿ ದರ್ಜೆಯ ಬಯಾಸ್ ಕರೆಂಟ್ ಸುಮಾರು 1.8 ನ್ಯಾನೊ ಆಂಪಿಯರ್. ಈ ಗಾಜಿನ ಮುಂದೆ 180 ಮಿಲಿವೋಲ್ಟ್, ಮೂರು ಪಿಎಚ್‌ನಷ್ಟು ತಪ್ಪು. ಟಿಎಲ್081 ಆದೀತು. ಆದರೆ ಅದರ ಬಯಾಸ್ ಕರೆಂಟ್ ಪ್ರತಿ ಹತ್ತು ಡಿಗ್ರಿಗೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಬಿಸಿಲಿಗೆ ಕಾದ ಪೆಟ್ಟಿಗೆಯಲ್ಲಿ ಆಗಾಗ ಬಫರ್‌ನಲ್ಲಿ ಸರಿಮಾಡಿಕೊಳ್ಳಬೇಕು.

ಸಿಎ3140 ಹಾಕಿದ ಮೇಲೂ ಅಂಕಿ ಮೆಲ್ಲಗೆ ಸರಿಯುತ್ತಲೇ ಇತ್ತು. ಭೂತಗನ್ನಡಿ ಹಿಡಿದರೆ 3ನೇ ಕಾಲಿನ ಸುತ್ತ ಜೇನುಬಣ್ಣದ ಫ್ಲಕ್ಸ್. ಮಳೆಯ ತೇವಕ್ಕೆ ಅದೇ ಕರೆಂಟಿನ ಹಾದಿ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಬ್ರಷ್ ಅದ್ದಿ ತೊಳೆದೆ. ಆ ಕಾಲನ್ನು ಬೋರ್ಡಿಗೆ ತಾಗದಂತೆ ಮೇಲೆತ್ತಿ, ಎಲೆಕ್ಟ್ರೋಡಿನ ತಂತಿಯನ್ನು ನೇರ ಅದಕ್ಕೇ ಬೆಸೆದೆ. ಅಂಕಿ ನಿಂತಿತು.

ಪಿಎಚ್ 14 ದಾಟಿದ ಮೀಟರನ್ನು ಯಾರೂ ನಂಬುವುದಿಲ್ಲ. ನನ್ನ ಭಯ ಅರ್ಧ ಅಂಕಿ ತಪ್ಪುವ ಮೀಟರಿನದು. ಹುಳಿಮಣ್ಣಿಗೆ ಎಷ್ಟು ಸುಣ್ಣ ಎಂದು ರೈತರಿಗೆ ಹೇಳುವುದು ಆ ಅಂಕಿಯನ್ನು ನೋಡಿಯೇ.

ಆದ್ದರಿಂದ ಪ್ರಯೋಗಾಲಯದವರಲ್ಲಿ ಒಂದು ಕೋರಿಕೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ನಿಮ್ಮೂರಿನ ಅಂಗಡಿಯಲ್ಲೋ 10 ಮೆಗಾಓಮ್‌ನ ಹತ್ತು ರೆಸಿಸ್ಟರ್ ಕೊಳ್ಳಿ. ಸಾಲಾಗಿ ಬೆಸೆದು ತಗಡಿನ ಡಬ್ಬಿಯಲ್ಲಿಡಿ, ಡಬ್ಬಿಯನ್ನು ಮೀಟರಿನ ಗ್ರೌಂಡಿಗೆ ಸೇರಿಸಿ. ರಿಪೇರಿಯಿಂದ ಬಂದ ಮೀಟರಿನ ಇನ್‌ಪುಟನ್ನು ಮೊದಲು ನೇರ ಶಾರ್ಟ್ ಮಾಡಿ, ಆಮೇಲೆ ಈ ಸಾಲಿನ ಮೂಲಕ ಗ್ರೌಂಡ್ ಮಾಡಿ. ಎರಡು ಅಂಕಿಗಳ ನಡುವೆ 0.02ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮೀಟರನ್ನು ವಾಪಸ್ ಕಳಿಸಿ.