ಒಂದು ಮೊಳ ಮಲ್ಲಿಗೆ, ಎಂಟುನೂರು ಅಂಗಡಿ

ಮೈಸೂರಿನ ಚಿಕ್ಕ ಗಡಿಯಾರದ ಬುಡದಲ್ಲಿ ಬೆಳಗಿನ ಏಳಕ್ಕೆ ನಿಂತರೆ ಮೊದಲು ಮೂಗಿಗೆ ಬಡಿಯುವುದು ಮಲ್ಲಿಗೆ. ಅದರ ಬೆನ್ನಿಗೇ ಕೊತ್ತಂಬರಿ ಕಟ್ಟು, ನೀರು ಚಿಮುಕಿಸಿದ ಒದ್ದೆ ಗೋಣಿ, ಯಾವುದೋ ಅಂಗಡಿಯ ದೇವರ ಪಟದ ಮುಂದೆ ಆಗಷ್ಟೇ ಹಚ್ಚಿದ ಊದುಬತ್ತಿ. ದೇವರಾಜ ಮಾರುಕಟ್ಟೆಗೆ ಬಾಗಿಲುಗಳು ಹಲವಿದ್ದರೂ ಊರಿಗೆ ಹೊಸಬರನ್ನು ಒಳಗೆ ಕರೆದೊಯ್ಯುವುದು ಈ ಪರಿಮಳವೇ.

ಒಳಗೆ ಹೂವಿನ ಸಾಲಿನಲ್ಲಿ ಒಂದು ಅಳತೆ ಇನ್ನೂ ಜೀವಂತವಾಗಿದೆ. ಹೂ ಮಾರುವಾಕೆ ಕಟ್ಟಿದ ಮಲ್ಲಿಗೆಯ ತುದಿಯನ್ನು ಬೆರಳಲ್ಲಿ ಹಿಡಿದು ಮೊಣಕೈವರೆಗೆ ಎಳೆಯುತ್ತಾಳೆ, ಅದು ಮೊಳ. ಎರಡೂ ತೋಳು ಚಾಚಿದರೆ ಮಾರು. ತೂಕ ಮತ್ತು ಅಳತೆ ಇಲಾಖೆಯವರು ಮುದ್ರೆ ಒತ್ತಲಾಗದ ಅಳತೆ ಇದು, ಏಕೆಂದರೆ ಮಾರುವವಳ ತೋಳೇ ಇಲ್ಲಿ ಮಾನದಂಡ. ಉದ್ದ ತೋಳಿನವಳ ಹತ್ತಿರ ಕೊಂಡರೆ ಲಾಭ ಎಂದು ಲೆಕ್ಕ ಹಾಕುವವರು ಇನ್ನೊಂದನ್ನೂ ನೋಡಬೇಕು: ಹೂ ಎಷ್ಟು ಒತ್ತಾಗಿ ಕಟ್ಟಿದೆ ಎಂಬುದನ್ನು. ತೋಳು ಗಿಡ್ಡವಾದರೂ ಕಟ್ಟು ಒತ್ತಾಗಿದ್ದರೆ ಮುಡಿ ತುಂಬುತ್ತದೆ.

“ಎಷ್ಟಮ್ಮ ಮೊಳ?”

“ಬೋಣಿ ಟೈಮು ಅಕ್ಕ, ಚೌಕಾಸಿ ಮಾಡ್ಬೇಡಿ. ನಿಮ್ಗೇಂತ ಜಾಸ್ತೀನೇ ಬಿಡ್ತೀನಿ.”

ಹಾಗೆಂದವಳು ಮೊಳದ ಮೇಲೆ ಗೇಣುದ್ದ ಕೊಸರು ಬಿಟ್ಟು ಕತ್ತರಿಸಿ, ಬಾಳೆಲೆಯ ತುಂಡಿನಲ್ಲಿ ಸುತ್ತಿ, ಬಾಳೆನಾರಿನಲ್ಲಿ ಬಿಗಿದು ಕೈಗಿಡುತ್ತಾಳೆ. ಅರ್ಧ ನಿಮಿಷದ ಕೆಲಸ. ಬೆಲೆ, ಅಳತೆ, ಕೊಸರು, ಮಾತು ಎಲ್ಲವೂ ಅಷ್ಟರಲ್ಲೇ ಮುಗಿಯುತ್ತವೆ.

ಇಂಥ ಅರ್ಧ ನಿಮಿಷಗಳ ಮೇಲೆಯೇ ಎಂಟುನೂರರಷ್ಟು ಅಂಗಡಿಗಳು ನಿಂತಿವೆ. ಒಂದು ಬದಿ ಸಯ್ಯಾಜಿರಾವ್ ರಸ್ತೆ, ಉತ್ತರಕ್ಕೆ ಧನ್ವಂತರಿ ರಸ್ತೆ, ದಕ್ಷಿಣಕ್ಕೆ ಚಿಕ್ಕ ಗಡಿಯಾರ; ನಡುವಿನ ಮೂರೂವರೆ ಎಕರೆಗೂ ಮಿಕ್ಕ ಜಾಗವೇ ಮಾರುಕಟ್ಟೆ. ದಿವಾನ್ ಪೂರ್ಣಯ್ಯನವರ ಕಾಲದ ನಾಲೆ ಹಾದುಹೋಗಿದ್ದ ಈ ಭಾಗದಲ್ಲಿ ಮೊದಲು ಸಂತೆ ಸೇರುತ್ತಿತ್ತು ಎನ್ನುತ್ತಾರೆ. ಕಟ್ಟಡ ಎದ್ದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ, ಚಾಮರಾಜೇಂದ್ರ ಒಡೆಯರ ಕಾಲದಲ್ಲಿ. 1886 ಎಂಬುದು ರೂಢಿಯಲ್ಲಿರುವ ಲೆಕ್ಕ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1925ರ ಸುಮಾರಿಗೆ, ಅದು ಇನ್ನಷ್ಟು ಬೆಳೆಯಿತು. ಇಟ್ಟಿಗೆ, ಸುಣ್ಣದ ಗಾರೆ, ಕಮಾನು, ಹೆಂಚು. ಭಾರವನ್ನೆಲ್ಲ ಗೋಡೆಯೇ ಹೊರುವ ಹಳೆಯ ಕಟ್ಟೋಣ. ದಸರೆಯ ದಿನ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತ ಆನೆ ಬನ್ನಿಮಂಟಪಕ್ಕೆ ಸಾಗುವುದು ಈ ಮಾರುಕಟ್ಟೆಯ ಮುಂದಿನಿಂದಲೇ.

ಹೂವಿನ ಸಾಲು ದಾಟಿದರೆ ವೀಳ್ಯದೆಲೆ. ಮೈಸೂರು ಎಲೆ ಬಾಯಲ್ಲಿಟ್ಟರೆ ಕರಗುವಷ್ಟು ಮೆತ್ತಗೆ, ಖಾರ ಕಡಿಮೆ. ಅದರ ತೋಟಗಳು ಒಂದು ಕಾಲಕ್ಕೆ ನಂಜನಗೂಡು ರಸ್ತೆಯ ಆಸುಪಾಸಿನಲ್ಲಿ ಊರಿಗೆ ಅಂಟಿಕೊಂಡೇ ಇದ್ದವು. ಈಗ ಅಲ್ಲಿ ಬಹುಪಾಲು ಮನೆಗಳು. ಇನ್ನೊಂದು ಸಾಲಿನಲ್ಲಿ ಬಾಳೆಗೊನೆಗಳು ತೂಗುತ್ತವೆ: ಏಲಕ್ಕಿ, ಪಚ್ಚಬಾಳೆ, ಅದೃಷ್ಟವಿದ್ದರೆ ನಂಜನಗೂಡು ರಸಬಾಳೆ. ಸೊರಗು ರೋಗ ಹೊಕ್ಕ ಮೇಲೆ ರಸಬಾಳೆಯ ತೋಟಗಳು ಕುಗ್ಗಿ ಹೋದವು, ಹಾಗಾಗಿ ಅದೃಷ್ಟದ ಮಾತು. ಮಲ್ಲಿಗೆ, ವೀಳ್ಯದೆಲೆ, ರಸಬಾಳೆ, ಊದುಬತ್ತಿ ಈ ನಾಲ್ಕಕ್ಕೂ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇದೆ. ನೂರು ಹೆಜ್ಜೆಯೊಳಗೆ ಇಷ್ಟೂ ಸಿಗುವ ಪೇಟೆ ನಾಡಿನಲ್ಲಿ ಇನ್ನೊಂದು ಇರಲಾರದು.

ಊದುಬತ್ತಿಯವನ ಮುಂದೆ ಸದಾ ನಾಲ್ಕು ಜನ ಪ್ರವಾಸಿಗರು. ಕಪ್ಪು ಹಿಟ್ಟಿನ ಚಿಕ್ಕ ಉಂಡೆಯನ್ನು ಬಿದಿರು ಕಡ್ಡಿಗೆ ಒತ್ತಿ, ಹಲಗೆಯ ಮೇಲೆ ಅಂಗೈಯಲ್ಲಿ ಒಮ್ಮೆ ಉರುಳಿಸಿದರೆ ಬತ್ತಿ ಸಿದ್ಧ. ನೋಡಿದವರಿಗೆ ತಾವೂ ಮಾಡಬೇಕೆನಿಸುತ್ತದೆ, ಮಾಡಿದರೆ ಹಾವಿನ ಮರಿಯಂತೆ ಡೊಂಕಾಗುತ್ತದೆ. ಪಕ್ಕದಲ್ಲೇ ಗೋಪುರದ ಹಾಗೆ ಪೇರಿಸಿದ ಬಣ್ಣದ ಪುಡಿ. ಈ ಗೋಪುರಗಳ ಫೋಟೊ ಲೋಕವೆಲ್ಲ ಸುತ್ತಿದೆ. ತೆಗೆದವರಲ್ಲಿ ಎಷ್ಟು ಮಂದಿ ನೂರು ಗ್ರಾಂ ಕುಂಕುಮ ಕೊಂಡರು ಎಂಬುದು ಬೇರೆ ಮಾತು.

ಅಂಗಡಿಯವನ ನಿಜವಾದ ಗಿರಾಕಿ ಪ್ರವಾಸಿಗನಲ್ಲ. ಗೌರಿ ಹಬ್ಬಕ್ಕೆ ಮೊರದ ಬಾಗಿನ, ಸಂಕ್ರಾಂತಿಗೆ ಎಳ್ಳು–ಬೆಲ್ಲ ಮತ್ತು ಸಕ್ಕರೆ ಅಚ್ಚು, ಆಯುಧಪೂಜೆಗೆ ಬೂದುಗುಂಬಳ, ಯುಗಾದಿಗೆ ಬೇವು ಎಂದು ವರ್ಷಪೂರ್ತಿ ಪಟ್ಟಿ ಹಿಡಿದು ಬರುವ ಮೈಸೂರಿಗರೇ ಅವನ ಬಂಡವಾಳ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಮಾತ್ರ ಇಲ್ಲಿ ಯಾರೂ ಯಾರ ಪರಿಚಯವನ್ನೂ ಹೇಳಿಕೊಳ್ಳುವುದಿಲ್ಲ. ಅಂದು ಹೂವಿನ ದರ ಕೇಳಿದವರು ಒಮ್ಮೆ ಬೆಚ್ಚಿ ಆಮೇಲೆ ಕೊಳ್ಳುತ್ತಾರೆ.

ಸೂಪರ್‌ಮಾರ್ಕೆಟ್ಟು ಮಾಡಲಾಗದ ಕೆಲಸವೊಂದನ್ನು ಈ ಪುಟ್ಟ ಅಂಗಡಿಗಳು ಮಾಡುತ್ತವೆ: ಅವು ಕಡಿಮೆ ಮಾರುತ್ತವೆ. ಐದು ರೂಪಾಯಿಗೆ ಕರಿಬೇವು, ಒಂದೇ ಒಂದು ನಿಂಬೆಹಣ್ಣು, ಪೂಜೆಗೆ ಬೇಕಾದ ಐದು ಎಲೆ ಎರಡು ಅಡಿಕೆ. ದಿನಗೂಲಿಯ ಮನೆ ನಡೆಯುವುದು ಇಂಥ ಚಿಲ್ಲರೆ ಕೊಳ್ಳುವಿಕೆಯಿಂದ. ಪರಿಚಯದವರಾದರೆ ಸಾಲದ ಪುಸ್ತಕದಲ್ಲಿ ಒಂದು ಗೀಟು ಬೀಳುತ್ತದೆ. ಪಾಲಿಕೆಯ ಮಳಿಗೆಯಾದ್ದರಿಂದ ಬಾಡಿಗೆ ಕಡಿಮೆ; ಹಾಗಾಗಿ ಪಕ್ಕದ ದೊಡ್ಡ ರಸ್ತೆಯಲ್ಲಿ ಒಂದು ತಿಂಗಳೂ ತಾಳಲಾರದ ವ್ಯಾಪಾರ ಇಲ್ಲಿ ತಲೆಮಾರುಗಳ ಕಾಲ ನಡೆದುಬಂದಿದೆ.

ಅಂಗಡಿಯೂ ಇಲ್ಲದವರು ಹೊರಗೆ ಕೂತಿದ್ದಾರೆ. ಚಿಕ್ಕ ಗಡಿಯಾರದ ಸುತ್ತ ಬುಟ್ಟಿ ಇಟ್ಟುಕೊಂಡ ಹೆಂಗಸರ ಕಥೆ ಬೇರೆಯದು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪ್ರತಿ ಊರಿಗೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ವ್ಯಾಪಾರಿಗಳೇ ಚುನಾಯಿಸಿದವರಾಗಿರಬೇಕು, ಅವರಲ್ಲಿ ಮೂರನೇ ಒಂದು ಪಾಲು ಮಹಿಳೆಯರು. 2020ರ ಜೂನ್‌ನಲ್ಲಿ, ಕೊರೊನಾ ಹೊಡೆತದ ನಡುವೆ, ಬೀದಿ ವ್ಯಾಪಾರಿಗಳಿಗೆ ಸಾಲ ಕೊಡುವ ಪಿಎಂ ಸ್ವನಿಧಿ ಯೋಜನೆ ಬಂತು. ಅಡಮಾನವಿಲ್ಲದೆ ಮೊದಲು 10,000 ರೂಪಾಯಿ, ತೀರಿಸಿದರೆ 20,000, ಆಮೇಲೆ 50,000. 2025ರಲ್ಲಿ ಮೊದಲ ಎರಡು ಕಂತುಗಳನ್ನು 15,000 ಮತ್ತು 25,000ಕ್ಕೆ ಏರಿಸಲಾಯಿತು. ಬೆಳಗ್ಗೆ ಸಾಲ ಪಡೆದು ಸಂಜೆ ಬಡ್ಡಿ ಸಮೇತ ಕಟ್ಟುವವರಿಗೆ ಇದು ಸಣ್ಣ ಮೊತ್ತವಲ್ಲ. ಕೂರಲು ಖಾತ್ರಿಯಾದ ಜಾಗವೇ ಇಲ್ಲದಿದ್ದರೆ ಮಾತ್ರ ಸಾಲ ತೀರಿಸುವ ದಾರಿಯೂ ಇರುವುದಿಲ್ಲ.

ಜಾಗದ ಪ್ರಶ್ನೆ ಬುಟ್ಟಿಯವರಿಗಷ್ಟೇ ಅಲ್ಲ, ಒಳಗಿನವರಿಗೂ ಬಂದು ಹತ್ತು ವರ್ಷವಾಗುತ್ತ ಬಂತು.

2012ರ ಆಗಸ್ಟ್‌ನಲ್ಲಿ ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ವೈಸರಾಯ್ ಲ್ಯಾನ್ಸ್‌ಡೌನ್ ಭೇಟಿಯ ನೆನಪಿಗೆ 1892ರಲ್ಲಿ ಕಟ್ಟಿದ್ದ ಆ ಸಾಲು ಹಳೆಯ ಪುಸ್ತಕದ ಅಂಗಡಿಗಳಿಗೆ ಹೆಸರಾಗಿತ್ತು. ನಾಲ್ಕು ವರ್ಷದ ಮೇಲೆ, 2016ರ ಆಗಸ್ಟ್ ಕೊನೆಯಲ್ಲಿ, ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಭಾಗ ಉರುಳಿತು. ಅಲ್ಲಿಂದ ಶುರುವಾದ ವಾದ ಮುಗಿಯುವ ಲಕ್ಷಣ ಕಾಣಲಿಲ್ಲ. ಕೆಡವಿ ಅದೇ ರೂಪದಲ್ಲಿ ಹೊಸದಾಗಿ ಕಟ್ಟಬೇಕು ಎಂದಿತು ಒಂದು ತಜ್ಞರ ತಂಡ. ಪಾರಂಪರಿಕ ಕಟ್ಟಡಗಳ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯವರೂ ಪರಂಪರೆಯ ಬಗ್ಗೆ ಕಾಳಜಿ ಇದ್ದ ಇತರರೂ ದುರಸ್ತಿ ಮಾಡಿ ಉಳಿಸಬಹುದು ಎಂದರು. ವಿಷಯ ಹೈಕೋರ್ಟ್ ಮೆಟ್ಟಿಲೇರಿತು, 2023ರಲ್ಲಿ ನ್ಯಾಯಾಲಯ ಕೆಡವಿ ಕಟ್ಟುವ ನಿರ್ಧಾರದ ಪರವಾಗಿ ನಿಂತಿತು.

ಈ ವಾದದಲ್ಲಿ ಗೋಡೆ, ಗಾರೆ, ಕಮಾನುಗಳ ಬಗ್ಗೆ ವಿದ್ವತ್ಪೂರ್ಣ ಮಾತುಗಳು ಸಾಕಷ್ಟು ಬಂದಿವೆ. ಕಟ್ಟುವ ಅಷ್ಟು ವರ್ಷ ಹೂವಿನವಳು ಎಲ್ಲಿ ಕೂರುತ್ತಾಳೆ, ಹೊಸ ಮಳಿಗೆಗೆ ಹಳೆಯ ಬಾಡಿಗೆದಾರನೇ ಮರಳುತ್ತಾನೆಯೇ, ಬಾಡಿಗೆ ಎಷ್ಟಾಗುತ್ತದೆ ಎಂಬ ಮಾತು ಮಾತ್ರ ಪ್ರತಿ ಸಲ ಕೊನೆಯ ಪುಟಕ್ಕೆ ಬೀಳುತ್ತದೆ. ತಲೆಕೆಳಗಾದ ಕ್ರಮ ಇದು.

ಬೇರೆ ಊರುಗಳು ಇದನ್ನು ಹೇಗೆ ನಿಭಾಯಿಸಿದವು? ಸ್ಪೇನಿನ ಬಾರ್ಸಿಲೋನಾದಲ್ಲಿ ಸಂತ್ ಆಂತೋನಿ ಎಂಬ ಮಾರುಕಟ್ಟೆ ಇದೆ. 1882ರ ಕಟ್ಟಡ, ನಮ್ಮದಕ್ಕೆ ಹೆಚ್ಚುಕಡಿಮೆ ಸಮವಯಸ್ಕ. 2009ರಲ್ಲಿ ದುರಸ್ತಿಗೆ ಮುಚ್ಚಿದಾಗ ಪಕ್ಕದ ರಸ್ತೆಯಲ್ಲೇ ದೊಡ್ಡ ಡೇರೆ ಹಾಕಿ ವ್ಯಾಪಾರಿಗಳನ್ನು ಅಲ್ಲಿಗೆ ಸಾಗಿಸಿದರು. ನೆಲ ಅಗೆದರೆ ಊರಿನ ಹಳೆಯ ಕೋಟೆಗೋಡೆ ಸಿಕ್ಕಿತು, ಕೆಲಸ ಎಳೆದಾಡಿತು, ತೆರೆಯುವ ಹೊತ್ತಿಗೆ 2018 ಬಂತು. ಒಂಬತ್ತು ವರ್ಷ. ಅಷ್ಟೂ ವರ್ಷ ಗಿರಾಕಿಗೆ ಅಂಗಡಿಯವ ಕೂಗಳತೆಯಲ್ಲೇ ಇದ್ದ. ಬಾರ್ಸಿಲೋನಾದವರೂ ತಡ ಮಾಡುತ್ತಾರೆ ಎಂಬುದು ನಮಗೆ ಸಮಾಧಾನ. ತಡ ಮಾಡುವ ಮೊದಲು ಡೇರೆ ಹಾಕಿದರು ಎಂಬುದು ಪಾಠ.

ಅಮೆರಿಕದ ಸಿಯಾಟಲ್‌ನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಈರುಳ್ಳಿ ಬೆಲೆ ಮಿತಿಮೀರಿ ಜನ ರೇಗಿದ್ದ ಕಾಲದಲ್ಲಿ, 1907ರಲ್ಲಿ, ದಲ್ಲಾಳಿಗಳಿಲ್ಲದೆ ರೈತರೇ ಮಾರಲೆಂದು ಅಲ್ಲಿ ಪೈಕ್ ಪ್ಲೇಸ್ ಮಾರ್ಕೆಟ್ ಶುರುವಾಯಿತು. ಅರವತ್ತರ ದಶಕದಲ್ಲಿ ಅದನ್ನು ಕೆಡವಿ ಎತ್ತರದ ಕಟ್ಟಡಗಳನ್ನು ಎಬ್ಬಿಸುವ ಯೋಜನೆ ಬಂದಾಗ ವಿಕ್ಟರ್ ಸ್ಟೈನ್‌ಬ್ರೂಕ್ ಎಂಬ ವಾಸ್ತುಶಿಲ್ಪಿಯ ಮುಂದಾಳುತನದಲ್ಲಿ ಜನ ಸಹಿ ಸಂಗ್ರಹಿಸಿದರು. 1971ರ ನವೆಂಬರ್‌ನಲ್ಲಿ ಊರಿಗೆ ಊರೇ ಮತ ಹಾಕಿ ಮಾರುಕಟ್ಟೆಯನ್ನು ಉಳಿಸಿಕೊಂಡಿತು. ಮುಂದಿನ ನಿಯಮಗಳು ಮೈಸೂರಿಗರು ಗಮನಿಸಬೇಕಾದಂಥವು. ಕಟ್ಟಡದ ಜೊತೆಗೆ ವ್ಯಾಪಾರಕ್ಕೂ ಅಲ್ಲಿ ರಕ್ಷಣೆ ಇದೆ. ಯಾವ ಮಳಿಗೆಯಲ್ಲಿ ಏನು ಮಾರಬಹುದು, ಮಾಲೀಕ ಯಾರು ಎಂಬುದನ್ನೂ ಆಯೋಗವೊಂದು ನೋಡುತ್ತದೆ. ಮಾಲೀಕನೇ ನಡೆಸುವ ಸಣ್ಣ ಅಂಗಡಿಗೆ ಮೊದಲ ಮಣೆ, ಚೈನ್ ಅಂಗಡಿಗಳಿಗೆ ಪ್ರವೇಶವಿಲ್ಲ. 1976ರಿಂದ ಅಲ್ಲಿರುವ ಒಂದು ಕಾಫಿ ಅಂಗಡಿ ಇದಕ್ಕೆ ಅಪವಾದ. ಆಗಿನ್ನೂ ಸ್ಟಾರ್‌ಬಕ್ಸ್ ಎಂದರೆ ಊರಿನದೇ ಪುಟ್ಟ ಅಂಗಡಿ.

ಮೈಸೂರಿಗೆ ಇಂಥ ವಿಚಾರ ಹೊಸದೇನೂ ಆಗಬೇಕಿಲ್ಲ. ನಗರ ಸುಧಾರಣೆಗೆಂದೇ 1903ರಲ್ಲಿ ಟ್ರಸ್ಟ್ ಬೋರ್ಡ್ ಮಾಡಿಕೊಂಡ ಊರು ಇದು. ಪೇಟೆಯನ್ನು ಊರಿನ ಜೀವ ಎಂದು ಕಂಡವರೂ ಇಲ್ಲಿದ್ದರು. ಕಾದಂಬರಿಕಾರ ಆರ್.ಕೆ. ನಾರಾಯಣ್ ಪ್ರತಿದಿನ ನಡೆಯಲು ಹೊರಟು ಪೇಟೆಯ ಜನರೊಂದಿಗೆ ಹರಟುತ್ತ ತಮ್ಮ ಪಾತ್ರಗಳಿಗೆ ಬೇಕಾದ್ದನ್ನು ಹೆಕ್ಕುತ್ತಿದ್ದರು. ಅವರು ಕಲ್ಪಿಸಿದ ಊರು ಮಾಲ್ಗುಡಿಗೆ ಒಂದು ಮಾರ್ಕೆಟ್ ರೋಡ್ ಇಲ್ಲದಿದ್ದರೆ ಅದು ಮಾಲ್ಗುಡಿಯೇ ಅಲ್ಲ. ಅರಮನೆಯ ನೌಕರರು ನಾಲ್ವಡಿಯವರ ಬೆಳ್ಳಿಹಬ್ಬಕ್ಕೆ 1927ರಲ್ಲಿ ಕಟ್ಟಿಸಿದ ದೊಡ್ಡ ಗಡಿಯಾರದ ಮುಖದ ಮೇಲೆ ಕನ್ನಡ ಅಂಕಿಗಳೇ ಇವೆ. ಸಂತೆಗೆ ಬಂದವರಿಗೆ ಗಂಟೆ ಎಷ್ಟೆಂದು ಅವರ ಲಿಪಿಯಲ್ಲೇ ತಿಳಿಯಲಿ ಎಂಬ ಮರ್ಯಾದೆ ಅದರಲ್ಲಿದೆ ಎಂದುಕೊಂಡರೆ ತಪ್ಪಾಗಲಾರದು.

ದುರಸ್ತಿಯೋ ಮರುನಿರ್ಮಾಣವೋ, ಯಾವುದಾದರೂ ಆಗಲಿ. ಮೊದಲ ಗುದ್ದಲಿ ಬೀಳುವ ಮುನ್ನ ಪಾಲಿಕೆ ಮೂರು ವಿಷಯ ಬರೆದುಕೊಡಬೇಕು: ಈಗಿರುವ ಪ್ರತಿ ವ್ಯಾಪಾರಿಯ ಹೆಸರು, ಕೆಲಸ ಮುಗಿಯುವವರೆಗೆ ನಡಿಗೆಯ ದೂರದಲ್ಲೇ ಅವರಿಗೆ ಕೊಡುವ ಜಾಗ, ಮರಳಿ ಬಂದಾಗ ಅವರು ಕಟ್ಟಬೇಕಾದ ಬಾಡಿಗೆ. ಬುಟ್ಟಿಯವರ ಹೆಸರೂ ಅದೇ ಪಟ್ಟಿಯಲ್ಲಿ ಸೇರಬೇಕು.

ಮೈಸೂರಿಗೆ ಹೋಗುವವರು ಅರಮನೆ ಮುಗಿಸಿ ನೇರ ಬಸ್ ಸ್ಟ್ಯಾಂಡಿಗೆ ಹೋಗಬೇಡಿ. ಕೆ.ಆರ್. ಸರ್ಕಲ್ಲಿನಿಂದ ಐದು ನಿಮಿಷದ ನಡಿಗೆ. ಬೆಳಗ್ಗೆಯೇ ಹೋಗಿ, ಬಟ್ಟೆಯ ಚೀಲ ಇರಲಿ, ಜೇಬಿನಲ್ಲಿ ಚಿಲ್ಲರೆ ಇರಲಿ, ಕೊಸರು ಕೇಳಲು ನಾಚಿಕೊಳ್ಳಬೇಡಿ.